ಗಂಡಾವುದು, ಹೆಣ್ಣಾವುದು?

ಕನ್ನಡದಲ್ಲಿ ಹುಂಜವೆಂದರೆ ಬೇರೆ, ಹೇಂಟೆಯೆಂದರೆ ಬೇರೆ. ಹೋರಿಗೂ ಹಸುವಿಗೂ, ಕೋಣನಿಗೂ ಎಮ್ಮೆಗೂ, ಟಗರಿಗೂ ಕುರಿಗೂ ಪ್ರತ್ಯೇಕವಾದ ಹೆಸರುಗಳುಂಟು. ವ್ಯಾಕರಣವು ಇವೆಲ್ಲವನ್ನೂ ನಪುಂಸಕಲಿಂಗಕ್ಕೆ ಸೇರಿಸಿ ಸುಮ್ಮನಾದರೂ, ಪ್ರಾಣಿಗಳನ್ನು ಸಾಕಿದ ಜನ ಗಂಡಿಗೊಂದು ಹೆಣ್ಣಿಗೊಂದು ಹೆಸರು ಕೊಡದೆ ಬಿಡಲಿಲ್ಲ. ಹಾಲು ಕರೆಯುವವರಿಗೂ ನೇಗಿಲು ಹೂಡುವವರಿಗೂ ಆ ಭೇದ ಅತ್ಯಗತ್ಯವಾಗಿತ್ತು. ಮೀನಿಗಾದರೋ ಅಂಥ ಭಾಗ್ಯ ಲಭಿಸಲಿಲ್ಲ. ಬಲೆಯಿಂದ ಬುಟ್ಟಿಗೆ, ಬುಟ್ಟಿಯಿಂದ ಬಾಣಲೆಗೆ ಹೋಗುವ ಪ್ರಾಣಿ ಗಂಡೋ ಹೆಣ್ಣೋ ಎಂದು ಕೇಳುವವರಾರು? ಆದರೆ ಅದೇ ಮೀನು ಬಾಣಲೆಯಿಂದ ತಪ್ಪಿಸಿಕೊಂಡು ನಡುಮನೆಯ ಗಾಜಿನ ತೊಟ್ಟಿಯನ್ನು ಪ್ರವೇಶಿಸಿದ ಮೇಲೆ ಆ ಪ್ರಶ್ನೆ ಏಳದೆ ಇರುವುದಿಲ್ಲ.

“ಒಂದು ಜೊತೆ ಕೊಡಿ, ಮರಿ ಹಾಕುವಂತಿರಬೇಕು” ಎಂದು ಮಕ್ಕಳ ಕೈಹಿಡಿದು ಬಂದ ಗೃಹಸ್ಥರು ಕೇಳುತ್ತಾರೆ. ಅಂಗಡಿಯವನು ಬಲೆಯನ್ನು ಅದ್ದಿ, ದೊಡ್ಡದೊಂದನ್ನೂ ಚಿಕ್ಕದೊಂದನ್ನೂ ಎತ್ತಿ, “ಇದು ಗಂಡು, ಅದು ಹೆಣ್ಣು” ಎಂದು ಚೀಲದಲ್ಲಿ ತುಂಬಿ ಕೊಡುತ್ತಾನೆ. ಗಪ್ಪಿ ಮೀನಿನಲ್ಲಾದರೆ ಮೋಸಹೋಗುವ ಭಯವಿಲ್ಲ. ಅಲ್ಲಿ ಬಣ್ಣದ ಬಾಲವನ್ನು ಬೀಸುವ ಚಿಕ್ಕ ಮೀನು ಗಂಡೆಂದೂ, ಬಣ್ಣಗೆಟ್ಟ ದೊಡ್ಡ ಹೊಟ್ಟೆಯದು ಹೆಣ್ಣೆಂದೂ ಎಳೆಯ ಮಕ್ಕಳೂ ಹೇಳಬಲ್ಲರು. ತೊಡಕು ಬರುವುದು ಸಿಕ್ಲಿಡ್ ಎಂಬ ಕುಲದ ಮೀನುಗಳಲ್ಲಿ.

ಸಿಕ್ಲಿಡ್ ಕುಲ ಬಹು ದೊಡ್ಡದು. ವಿಜ್ಞಾನಿಗಳು ವಿವರಿಸಿರುವ ಜಾತಿಗಳೇ ೧,೭೦೦ಕ್ಕೆ ಮೇಲ್ಪಟ್ಟಿವೆ. ಆಫ್ರಿಕದ ಮಹಾ ಸರೋವರಗಳು, ದಕ್ಷಿಣ ಹಾಗೂ ಮಧ್ಯ ಅಮೆರಿಕದ ಹೊಳೆಗಳು ಇವುಗಳ ಮುಖ್ಯ ನೆಲೆ. ಅಂಗಡಿಗಳಲ್ಲಿ ಕಾಣುವ ಏಂಜಲ್, ಡಿಸ್ಕಸ್, ಆಸ್ಕರ್, ಫ್ಲವರ್‌ಹಾರ್ನ್ ಎಲ್ಲವೂ ಈ ಕುಲದವೇ. ನಮ್ಮ ದೇಶದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ೨೦೧೦ರಲ್ಲಿ ಕೇರಳದ ರಾಜ್ಯಮೀನೆಂದು ಘೋಷಿತವಾದ ಕರಿಮೀನು ಅವುಗಳಲ್ಲೊಂದು. ನಮ್ಮ ಕೆರೆಗಳಲ್ಲಿ ಹೇರಳವಾಗಿರುವ ತಿಲಾಪಿಯವೂ ಸಿಕ್ಲಿಡ್ಡೇ ಆದರೂ ಅದು ಆಫ್ರಿಕದಿಂದ ೧೯೫೨ರಲ್ಲಿ ಭಾರತಕ್ಕೆ ಬಂದ ಅತಿಥಿ.

ಇತರ ಮೀನುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿದು ಹೋಗುತ್ತವೆ. ಸಿಕ್ಲಿಡ್‌ಗಳಾದರೋ ಮೊಟ್ಟೆಗೆ ಗಾಳಿ ಹಾಕುತ್ತವೆ. ಮರಿಗಳನ್ನು ಹಿಂಡುಕಟ್ಟಿಕೊಂಡು ತಿರುಗುತ್ತವೆ. ಕೆಲವು ಜಾತಿಗಳು ಅವನ್ನು ಬಾಯಲ್ಲಿಟ್ಟುಕೊಂಡೇ ಸಾಕುತ್ತವೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಸೊಗಸಾದ ನೋಟ ಮತ್ತೊಂದಿಲ್ಲ. ಆದರೆ ಮರಿಗಳಿಗಾಗಿ ಪ್ರಾಣವನ್ನೇ ಪಣವಾಗಿಡುವ ಈ ಮೀನುಗಳು ತಮ್ಮ ಎಲ್ಲೆಯನ್ನು ಕಾಯುವುದರಲ್ಲಿಯೂ ಅಷ್ಟೇ ಉಗ್ರ. ಎರಡಡಿಯ ತೊಟ್ಟಿಯಲ್ಲಿ ಎರಡು ಪ್ರಾಯದ ಗಂಡುಗಳನ್ನು ಬಿಟ್ಟರೆ, ಬೆಳಗಾಗುವುದರಲ್ಲಿ ಒಂದರ ರೆಕ್ಕೆ ಹರಿದು ಚಿಂದಿಯಾಗಿರುವುದುಂಟು, ಪ್ರಾಣವೇ ಹೋಗಿರುವುದೂ ಉಂಟು. ಹೊಳೆಯಲ್ಲಿ ಸೋತ ಮೀನು ಓಡಿಹೋಗಿ ಬದುಕುತ್ತದೆ. ಗಾಜಿನ ಗೋಡೆಗಳ ನಡುವೆ ಓಡುವುದೆಲ್ಲಿಗೆ? ಆದುದರಿಂದ ಗಂಡಾವುದು, ಹೆಣ್ಣಾವುದು ಎಂಬುದು ಇಲ್ಲಿ ಕೇವಲ ಕುತೂಹಲದ ಪ್ರಶ್ನೆಯಲ್ಲ. ಒಂದು ಜೀವದ ಪ್ರಶ್ನೆ.

ಬಣ್ಣದ ಸಾಕ್ಷಿ

ಕೋಳಿ, ನವಿಲು, ಸಿಂಹಗಳನ್ನು ನೋಡಿ ಬೆಳೆದ ಕಣ್ಣು, ಅಲಂಕಾರವೆಲ್ಲ ಗಂಡಿನದೆಂದು ನಂಬಿಕೊಂಡಿರುತ್ತದೆ. ಕೆಲವು ಸಿಕ್ಲಿಡ್‌ಗಳು ಈ ನಂಬಿಕೆಯನ್ನು ಉಳಿಸಿಕೊಡುತ್ತವೆ. ಆಫ್ರಿಕದ ಮಲಾವಿ ಸರೋವರದ ಕೆನ್ಯಾಯಿ ಎಂಬ ಮೀನಿನ ಮರಿಗಳು ಎಲ್ಲವೂ ನಸುನೀಲಿ. ಮೈಮೇಲೆ ಕಪ್ಪು ಪಟ್ಟೆಗಳು. ಹೆಣ್ಣು ಜೀವಮಾನವಿಡೀ ಈ ನೀಲಿ ಸೀರೆಯನ್ನೇ ಉಟ್ಟಿರುತ್ತದೆ. ಗಂಡು ಪ್ರಾಯಕ್ಕೆ ಬಂದಂತೆ ಅರಿಸಿನದ ಬಣ್ಣಕ್ಕೆ ತಿರುಗುತ್ತದೆ. ಅರಿಯದವರು ಇವೆರಡನ್ನೂ ಬೇರೆ ಬೇರೆ ಜಾತಿಯ ಮೀನುಗಳೆಂದೇ ಭಾವಿಸುವರು.

ಮಧ್ಯ ಅಮೆರಿಕದ ಕನ್ವಿಕ್ಟ್ ಮೀನಿನಲ್ಲಿ ಈ ನಂಬಿಕೆ ತಲೆಕೆಳಗಾಗುತ್ತದೆ. ಸೆರೆಯಾಳಿನ ಅಂಗಿಯಂತೆ ಮೈತುಂಬ ಕಪ್ಪು ಪಟ್ಟೆಗಳಿರುವುದರಿಂದ ಅದಕ್ಕೆ ಈ ಹೆಸರು ಬಂದಿತು. ಅದರಲ್ಲಿ ಗಂಡು ದೊಡ್ಡದಾದರೂ ಬಣ್ಣದಲ್ಲಿ ಸಪ್ಪೆ. ಚಿಕ್ಕದಾದ ಹೆಣ್ಣಿನ ಹೊಟ್ಟೆಯ ಮೇಲೆಯೇ ಕಿತ್ತಳೆಯ ಹೊಳಪು. ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಮೀನಿನಲ್ಲಿಯೂ ಹೆಣ್ಣಿನದೇ ಮೇಲುಗೈ. ಗುಂಡಗಿನ ಅದರ ಹೊಟ್ಟೆ ನೇರಳೆಹಣ್ಣನ್ನು ಹಿಂಡಿದಂತೆ ಕೆಂಪೇರುತ್ತದೆ. ಗಂಡನ್ನು ಒಲಿಸಿಕೊಳ್ಳಲು ಮೈಯನ್ನು ಬಿಲ್ಲಿನಂತೆ ಬಾಗಿಸಿ, ನಡುಗಿಸಿ, ಆ ಬಣ್ಣವನ್ನು ಪ್ರದರ್ಶಿಸುವುದೂ ಹೆಣ್ಣೇ. ಗಂಡನ್ನು ಗುರುತಿಸಬೇಕಾದರೆ ನೀಳವಾದ ದೇಹವನ್ನೂ, ಚೂಪಾಗಿ ಹಿಂದಕ್ಕೆ ಚಾಚಿದ ಬೆನ್ನುರೆಕ್ಕೆಯನ್ನೂ ನೋಡಬೇಕು.

೧೯೪೮ರಲ್ಲಿ ವಿಜ್ಞಾನಿಗಳು ಹೆಸರಿಸಿದ ರಾಮಿರೇಜಿ ಎಂಬ ಪುಟ್ಟ ಮೀನು ಇನ್ನೂ ಸೂಕ್ಷ್ಮ. ವೆನಿಜುವೆಲ, ಕೊಲಂಬಿಯಗಳ ಹೊಳೆಗಳ ಈ ಮೀನಿನಲ್ಲಿ ಗಂಡುಹೆಣ್ಣುಗಳೆರಡೂ ರತ್ನದಂತೆ ಹೊಳೆಯುತ್ತವೆ. ಎರಡರ ಪಕ್ಕೆಯಲ್ಲಿಯೂ ಒಂದೊಂದು ಕಪ್ಪು ಬೊಟ್ಟು. ಆ ಬೊಟ್ಟಿನೊಳಗೆ ನೀಲಿಯ ಕಿಡಿಗಳು ಹರಡಿದ್ದು, ಹೊಟ್ಟೆ ಗುಲಾಬಿಯಾಗಿದ್ದರೆ ಸಾಧಾರಣವಾಗಿ ಅದು ಹೆಣ್ಣು. ಬೊಟ್ಟು ಅಚ್ಚಕಪ್ಪಾಗಿದ್ದು, ಬೆನ್ನುರೆಕ್ಕೆಯ ಮುಂಭಾಗದ ಕಡ್ಡಿಗಳು ತುರಾಯಿಯಂತೆ ನೀಳವಾಗಿದ್ದರೆ ಗಂಡು.

ಗಾತ್ರವನ್ನು ಕುರಿತು ಹೇಳುವುದಾದರೆ, ಸಾಮಾನ್ಯವಾಗಿ ಗಂಡು ದೊಡ್ಡದೆಂಬ ಮಾತು ಈ ಕುಲದಲ್ಲಿ ಬಹುಮಟ್ಟಿಗೆ ನಿಜ. ಟಾಂಗನ್ಯೀಕ ಸರೋವರದ ಒಂದು ಜಾತಿಯಲ್ಲಿ ಗಂಡು ಹೆಣ್ಣಿಗಿಂತ ಸುಮಾರು ೧೨ ಪಟ್ಟು ಭಾರ. ಬಸವನಹುಳುವಿನ ಖಾಲಿ ಚಿಪ್ಪುಗಳನ್ನು ಅದು ಬಾಯಲ್ಲಿ ಹೊತ್ತುತಂದು ರಾಶಿಹಾಕುತ್ತದೆ. ಹೆಣ್ಣು ಆ ಚಿಪ್ಪಿನೊಳಗೆ ಹೊಕ್ಕು ಮೊಟ್ಟೆಯಿಡುತ್ತದೆ. ಆದರೆ ಅಂಗಡಿಯ ತೊಟ್ಟಿಯಲ್ಲಿ ಈ ಸೂತ್ರವನ್ನು ನೆಚ್ಚುವಂತಿಲ್ಲ. ಒಂದೇ ಸೂಲಿನ ಮರಿಗಳಲ್ಲಿ ಹೆಚ್ಚು ತಿಂದದ್ದು ದೊಡ್ಡದಾಗಿರುತ್ತದೆ, ಹೆದರಿ ಮೂಲೆಗೆ ಸೇರಿದ್ದು ಚಿಕ್ಕದಾಗಿರುತ್ತದೆ. ದೊಡ್ಡದೂ ಚಿಕ್ಕದೂ ಎರಡೂ ಗಂಡಾಗಿರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ವೇಷ ಮರೆಸುವ ಗಂಡುಗಳು

ಆಫ್ರಿಕದ ಅನೇಕ ಸಿಕ್ಲಿಡ್‌ಗಳಲ್ಲಿ, ಗಂಡಿನ ಹೊಟ್ಟೆಯ ಹಿಂಬದಿಯ ಈಜುರೆಕ್ಕೆಯ ಮೇಲೆ ಹಳದಿಯ ದುಂಡು ಚುಕ್ಕೆಗಳಿರುತ್ತವೆ. ನೋಡಲು ಥೇಟು ಮೊಟ್ಟೆಗಳಂತೆ. ಇವುಗಳ ಗುಟ್ಟನ್ನು ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್ ಎಂಬ ವಿಜ್ಞಾನಿ ೧೯೬೨ರಲ್ಲಿ ವಿವರಿಸಿದರು. ಈ ಜಾತಿಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟ ಕೂಡಲೆ ಅದನ್ನು ಬಾಯಲ್ಲಿ ತುಂಬಿಕೊಳ್ಳುತ್ತದೆ. ಗಂಡು ತನ್ನ ರೆಕ್ಕೆಯನ್ನು ಅದರ ಮುಂದೆ ಹರಡುತ್ತದೆ. ಚುಕ್ಕೆಗಳನ್ನೂ ಮೊಟ್ಟೆಗಳೆಂದೇ ಭ್ರಮಿಸಿ ಹೆಣ್ಣು ಬಾಯಿ ಹಾಕಿದಾಗ ಗಂಡಿನ ವೀರ್ಯ ಅದರ ಬಾಯನ್ನು ಸೇರಿ, ಮೊಟ್ಟೆಗಳು ಅಲ್ಲಿಯೇ ಫಲಿತವಾಗುತ್ತವೆ. ಮುಂದೆ ಸುಮಾರು ಮೂರು ವಾರಗಳ ಕಾಲ ತಾಯಿ ಹೆಚ್ಚುಕಡಮೆ ಉಪವಾಸವಿದ್ದು ಮರಿಗಳನ್ನು ಬಾಯಲ್ಲೇ ಕಾಪಾಡುತ್ತದೆ. ಕೆಳದವಡೆ ಉಬ್ಬಿಕೊಂಡು, ಆಹಾರ ಹಾಕಿದರೂ ಮುಟ್ಟದೆ ಮರೆಯಲ್ಲಿ ನಿಲ್ಲುವ ಮೀನನ್ನು ಕಂಡರೆ ಅದು ಹೆಣ್ಣೆಂಬುದರಲ್ಲಿ ಸಂದೇಹಪಡಬೇಕಾಗಿಲ್ಲ.

ಹಾಗಾದರೆ ಚುಕ್ಕೆಗಳನ್ನೆಣಿಸಿ ಗಂಡನ್ನು ಗುರುತಿಸಬಹುದಷ್ಟೆ, ಎಂದು ವಾಚಕರು ಕೇಳಬಹುದು. ಇಲ್ಲಿಯೂ ಎಚ್ಚರಿಕೆ ಬೇಕು. ಕೆಲವು ಜಾತಿಗಳಲ್ಲಿ ಹೆಣ್ಣಿಗೂ ಮಸುಕಾದ ಚುಕ್ಕೆಗಳುಂಟು. ಅದಕ್ಕಿಂತ ದೊಡ್ಡ ಮೋಸ ಬಣ್ಣದ್ದು. ಬರ್ಟೋನಿ ಎಂಬ ಟಾಂಗನ್ಯೀಕದ ಮೀನಿನಲ್ಲಿ, ತನ್ನದೆಂಬ ನೆಲವನ್ನು ಗೆದ್ದುಕೊಂಡ ಗಂಡು ಮಾತ್ರ ಬಣ್ಣ ತಳೆಯುತ್ತದೆ. ಸೋತ ಗಂಡುಗಳು ಬೂದುಬಣ್ಣದಲ್ಲಿ, ಹೆಣ್ಣುಗಳ ನಡುವೆ ಹೆಣ್ಣುಗಳಂತೆಯೇ ತಲೆಮರೆಸಿಕೊಂಡಿರುತ್ತವೆ. ಒಡೆಯನನ್ನು ತೊಟ್ಟಿಯಿಂದ ಎತ್ತಿದರೆ ಕೆಲವೇ ನಿಮಿಷಗಳಲ್ಲಿ ಈ ದಾಸರಲ್ಲೊಬ್ಬನಿಗೆ ಬಣ್ಣ ಬರುತ್ತದೆ, ಕಣ್ಣಿನ ಕಪ್ಪುಗೆರೆ ಮೂಡುತ್ತದೆ, ನಡೆಯಲ್ಲಿ ಗತ್ತು ಕಾಣುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಸೆಲ್ ಫರ್ನಾಲ್ಡ್ ಅವರು ಈ ಮಾರ್ಪಾಟನ್ನು ಅನೇಕ ವರ್ಷಗಳ ಕಾಲ ಅಭ್ಯಾಸ ಮಾಡಿದರು. ಹೀಗೆ ಸಿಕ್ಲಿಡ್‌ಗಳಲ್ಲಿ ಬಣ್ಣವು ಎಷ್ಟೋ ಸಲ ಗಂಡುತನದ ಗುರುತಲ್ಲ, ಅಧಿಕಾರದ ಗುರುತು. ಅಂಗಡಿಯ ತೊಟ್ಟಿಯಲ್ಲಿ ಬಣ್ಣದ ಒಂದನ್ನೂ ಬಣ್ಣವಿಲ್ಲದ ನಾಲ್ಕನ್ನೂ ಆರಿಸಿ “ಒಂದು ಗಂಡು, ನಾಲ್ಕು ಹೆಣ್ಣು” ಎಂದು ತಂದವರ ಮನೆಯಲ್ಲಿ, ತಿಂಗಳು ಕಳೆಯುವುದರೊಳಗೆ ಮೂರು ಗಂಡುಗಳ ಕುರುಕ್ಷೇತ್ರವೇ ನಡೆದಿರಬಹುದು.

ಮೀನುಗಳ ಕಪಟದ ಜೊತೆಗೆ ಮನುಷ್ಯರ ಕಪಟವೂ ಸೇರಿಕೊಂಡಿದೆ. ಮಲಾವಿಯ ನವಿಲುಮೀನುಗಳಲ್ಲಿ ಹೆಣ್ಣಿನ ಸಹಜವಾದ ಬಣ್ಣ ಮಾಸಲು ಕಂದು. ಅಂಥವು ಬೇಗ ಮಾರಾಟವಾಗವೆಂದು ಕೆಲವು ವ್ಯಾಪಾರಿಗಳು ಗಂಡಿನ ಹಾರ್ಮೋನನ್ನು ತಿನ್ನಿಸಿ, ಹೆಣ್ಣುಗಳಿಗೂ ಎಳೆಯ ಮರಿಗಳಿಗೂ ಬಣ್ಣ ಬರಿಸುತ್ತಾರೆ. ಮನೆಗೆ ತಂದ ಮೇಲೆ ಆ ಬಣ್ಣ ಕ್ರಮೇಣ ಇಳಿದುಹೋಗುತ್ತದೆ. ಎರಡಂಗುಲದ ಮರಿಗಳೆಲ್ಲವೂ ಒಂದೇ ಸಮನಾಗಿ ಝಗಝಗಿಸುತ್ತಿದ್ದರೆ ಸಂಶಯಪಡುವುದು ಲೇಸು.

ಇನ್ನು ಮನುಷ್ಯನೇ ಬೆರಕೆಮಾಡಿ ಸೃಷ್ಟಿಸಿದ ಮೀನುಗಳ ಕಥೆ ಬೇರೆ. ೧೯೯೦ರ ದಶಕದಲ್ಲಿ ಮಲೇಷ್ಯದಲ್ಲಿ ಹುಟ್ಟಿದ ಫ್ಲವರ್‌ಹಾರ್ನ್, ಅದೃಷ್ಟ ತರುವುದೆಂಬ ನಂಬಿಕೆಯಿಂದ ಅನೇಕ ಮನೆಗಳನ್ನು ಸೇರಿದೆ. ಹಣೆಯ ದೊಡ್ಡ ಉಬ್ಬು ಗಂಡಿನದೆಂಬ ಮಾತು ಬಹುಮಟ್ಟಿಗೆ ಸರಿಯಾದರೂ, ಉಬ್ಬುಳ್ಳ ಹೆಣ್ಣುಗಳೂ ಉಂಟು. ಅದೃಷ್ಟದ ಗಂಡೆಂದು ಪ್ರತಿಷ್ಠಾಪಿಸಿದ ಮೀನು ಒಂದು ಬೆಳಗ್ಗೆ ಮೊಟ್ಟೆಯಿಟ್ಟು ಯಜಮಾನರನ್ನು ಬೆಚ್ಚಿಬೀಳಿಸಬಹುದು. ೧೯೮೦ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ ಕೆಂಪು ಪ್ಯಾರಟ್ ಮೀನಿನಲ್ಲಿ ಗಂಡುಗಳು ಬಹುತೇಕ ಬಂಜೆ. ಹೆಣ್ಣು ಮೊಟ್ಟೆಯಿಡುತ್ತದೆ, ಎರಡೂ ಕಾಯುತ್ತವೆ, ಮರಿ ಮಾತ್ರ ಬರುವುದಿಲ್ಲ.

ಬಿಳಿಯಾದ ಮೊಟ್ಟೆಗಳು

ಎಲ್ಲಕ್ಕಿಂತ ಹೆಚ್ಚಿನ ನಿರಾಶೆಯನ್ನು ತರುವುದು ಏಂಜಲ್ ಮೀನು. ಇದರಲ್ಲಿ ಗಂಡುಹೆಣ್ಣುಗಳ ಹೊರರೂಪದಲ್ಲಿ ಕಣ್ಣಿಗೆ ಕಾಣುವ ಭೇದವೇ ಇಲ್ಲವೆನ್ನಬೇಕು. ಡಿಸ್ಕಸ್ ಮೀನಿನದೂ ಅದೇ ಕಥೆ. ಒಂದು ಮನೆಯಲ್ಲಿ ಹೀಗೆ ನಡೆಯುವುದನ್ನು ಊಹಿಸಿಕೊಳ್ಳಬಹುದು: ವರ್ಷವೆಲ್ಲ ಸಾಕಿದ ಎರಡು ಏಂಜಲ್‌ಗಳು ಒಂದು ಸಂಜೆ ನೀಳವಾದ ಎಲೆಯೊಂದನ್ನು ಬಾಯಿಂದ ಉಜ್ಜಿ ಶುಚಿಮಾಡುತ್ತವೆ. ಮಕ್ಕಳು ಪಾಠ ಮರೆತು ತೊಟ್ಟಿಯ ಮುಂದೆ ಕೂರುತ್ತಾರೆ. ಎಲೆಯ ಮೇಲೆ ಸಾಲುಸಾಲಾಗಿ ಮುತ್ತು ಪೋಣಿಸಿದಂತೆ ಮೊಟ್ಟೆಗಳು ಮೂಡುತ್ತವೆ. ಮೀನುಗಳೆರಡೂ ಸರದಿಯ ಮೇಲೆ ಗಾಳಿ ಹಾಕುತ್ತವೆ. ಮರುದಿನ ಮೊಟ್ಟೆಗಳು ಸುಣ್ಣದಂತೆ ಬೆಳ್ಳಗಾಗುತ್ತವೆ. ಮೂರನೆಯ ದಿನ ಬೂಷ್ಟು ಹಿಡಿಯುತ್ತದೆ. ನೀರು ಕೆಟ್ಟಿತೆಂದು ತಂದೆ, ದೃಷ್ಟಿ ತಾಗಿತೆಂದು ಅಜ್ಜಿ, ಎಲ್ಲರೂ ಒಂದೊಂದು ಕಾರಣವನ್ನು ಹುಡುಕುತ್ತಾರೆ. ತಿಂಗಳು ತಿಂಗಳಿಗೂ ಇದೇ ಪುನರಾವರ್ತನೆಯಾದಾಗ ಮೊದಲು ಸಂಶಯಪಡಬೇಕಾದ ಕಾರಣ ಬೇರೆಯೇ ಇದೆ: ಎರಡೂ ಹೆಣ್ಣುಗಳಾಗಿರಬಹುದು. ಗಂಡು ದೊರೆಯದಿದ್ದಾಗ ಎರಡು ಹೆಣ್ಣುಗಳೇ ಜೊತೆಗೂಡಿ, ಎಲೆಯನ್ನು ತೊಳೆದು, ಎರಡೂ ಮೊಟ್ಟೆಯಿಟ್ಟು, ಫಲಿಸದ ಆ ಮೊಟ್ಟೆಗಳನ್ನು ಅಷ್ಟೇ ಅಕ್ಕರೆಯಿಂದ ಕಾಯುತ್ತವೆ. ನಡತೆಯನ್ನು ನೋಡಿಯೂ ಮೋಸಹೋಗುವ ಸ್ಥಳವಿದು.

ಇದಕ್ಕೆ ನಂಬಿಕೆಯ ಸಾಕ್ಷಿ ಒಂದೇ. ಮೊಟ್ಟೆಯಿಡುವುದಕ್ಕೆ ಒಂದೆರಡು ದಿನ ಮುಂಚೆ, ಹೊಟ್ಟೆಯ ಅಡಿಯಲ್ಲಿ ಮೊಳಕೆಯಂಥ ಚಿಕ್ಕದೊಂದು ನಳಿಕೆ ಹೊರಬರುತ್ತದೆ. ಮೊಟ್ಟೆ ಹಾಯಬೇಕಾದುದರಿಂದ ಹೆಣ್ಣಿನ ನಳಿಕೆ ದಪ್ಪ, ತುದಿ ಮೊಂಡು. ಗಂಡಿನದು ಸಣ್ಣ, ತುದಿ ಚೂಪು. ಎರಡು ಮೀನುಗಳೂ ಪಕ್ಕಪಕ್ಕದಲ್ಲಿದ್ದಾಗ ಹೋಲಿಸಿ ನೋಡಿದರೆ ಭೇದ ಸ್ಪಷ್ಟವಾಗಿ ತಿಳಿಯುತ್ತದೆ. ಮಲಾವಿಯ ಮೀನುಗಳಲ್ಲಿ ಮತ್ತು ತಿಲಾಪಿಯದಲ್ಲಿ ಅನುಭವಿಗಳು ಮೀನನ್ನು ಒದ್ದೆ ಕೈಯಲ್ಲಿ ಅಂಗಾತ ಹಿಡಿದು, ಅಡಿಯ ರಂಧ್ರಗಳನ್ನು ಪರೀಕ್ಷಿಸುತ್ತಾರೆ. ಮಲಾವಿಯ ಗಂಡಿನಲ್ಲಿ ಎರಡು ರಂಧ್ರಗಳೂ ಹೆಚ್ಚುಕಡಮೆ ಸಮ. ಹೆಣ್ಣಿನಲ್ಲಿ ಹಿಂದಿನದು ಅಗಲ. ಇದು ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕಾದ ಕೆಲಸ. ಒಣಗಿದ ಕೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಹೋಗಿ ರೋಗಕ್ಕೆ ದಾರಿಯಾಗುತ್ತದೆ. ಮಕ್ಕಳ ಮುಂದೆ ಪಾಂಡಿತ್ಯ ಮೆರೆಯುವುದಕ್ಕಾಗಿ ಮೀನನ್ನು ಪದೇ ಪದೇ ನೀರಿನಿಂದೆತ್ತುವುದು ಸಲ್ಲದು.

ಸ್ವಯಂವರವೇ ಲೇಸು

ಇಷ್ಟು ತೊಡಕಿನ ನಡುವೆ ಗೃಹಸ್ಥರು ಮಾಡತಕ್ಕದ್ದೇನು? ಅನುಭವಿಗಳ ಮಾರ್ಗ ಬಹಳ ಹಳೆಯದು, ಬಹಳ ಸರಳವಾದುದು: ಜೋಡಿಯನ್ನು ಕೊಳ್ಳದಿರುವುದು. ಏಂಜಲ್ ಆದರೆ ಐದಾರು ಎಳೆಯ ಮರಿಗಳನ್ನು ತಂದು, ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಒಟ್ಟಿಗೆ ಬೆಳೆಸುತ್ತಾರೆ. ಆರರಲ್ಲಿ ಎಲ್ಲವೂ ಒಂದೇ ಲಿಂಗದವಾಗಿರುವುದು ಅಪರೂಪ. ಎಂಟು ಹತ್ತು ತಿಂಗಳಾಗುತ್ತಲೇ ಎರಡು ಮೀನುಗಳು ಉಳಿದವುಗಳಿಂದ ಬೇರೆಯಾಗಿ ಒಂದು ಮೂಲೆಯನ್ನು ತಮ್ಮದಾಗಿಸಿಕೊಂಡು, ಹತ್ತಿರ ಬಂದವನ್ನೆಲ್ಲ ಅಟ್ಟತೊಡಗುತ್ತವೆ. ಆಗ ಉಳಿದವನ್ನು ಬೇರೆ ತೊಟ್ಟಿಗೆ ಸಾಗಿಸಿದರಾಯಿತು. ಮೊದಲ ಮೊಟ್ಟೆಗಳು ಎರಡು ಮೂರು ದಿನಗಳಲ್ಲಿ ಮಿಸುಕಾಡುವ ಮರಿಗಳಾದರೆ ಜೋಡಿ ನಿಜವಾದುದು. ಎಲ್ಲವೂ ಮತ್ತೆ ಮತ್ತೆ ಬೆಳ್ಳಗಾದರೆ ನಳಿಕೆಯನ್ನು ಪರೀಕ್ಷಿಸಬೇಕು.

ಗಂಡೊಂದು ಹೆಣ್ಣೊಂದು ಎಂಬುದು ಖಚಿತವಾದ ಮಾತ್ರಕ್ಕೆ ಅವು ಜೋಡಿಯಾಗಬೇಕೆಂಬ ನಿಯಮವೂ ಇಲ್ಲ. ಜಾತಕ ಕೂಡಿದರೂ ಮನಸ್ಸು ಕೂಡದಿರುವುದು ಮೀನುಗಳಲ್ಲಿಯೂ ಉಂಟು. ಹೆಣ್ಣು ಮೊಟ್ಟೆಯಿಡಲು ಸಿದ್ಧವಾಗಿಲ್ಲದಿದ್ದರೆ ಕನ್ವಿಕ್ಟ್ ಗಂಡು ಅದನ್ನು ಕಚ್ಚಿ ಕೊಂದುಹಾಕಬಹುದು. ನಡುವೆ ಒಂದು ಜಾಲರಿಯ ತಡಿಕೆಯಿಟ್ಟು, ಎರಡೂ ಒಂದನ್ನೊಂದು ನೋಡಿ ಪರಿಚಯವಾದ ಮೇಲೆ ಕೂಡಿಸುವುದು ಒಳ್ಳೆಯದು. ಮಲಾವಿಯ ಮೀನುಗಳಲ್ಲಿಯಂತೂ ದಾಂಪತ್ಯವೆಂಬುದೇ ಇಲ್ಲ. ಅಲ್ಲಿ ಒಂದು ಗಂಡಿಗೆ ಒಂದೇ ಹೆಣ್ಣನ್ನು ಕೊಟ್ಟರೆ, ಅದು ಓಡಿಸಿ ಓಡಿಸಿಯೇ ಆ ಹೆಣ್ಣನ್ನು ಮುಗಿಸಿಬಿಡುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳೂ, ಅಡಗಿಕೊಳ್ಳಲು ಸಾಕಷ್ಟು ಕಲ್ಲುಸಂದುಗಳೂ ಇದ್ದರೆ ಕಿರುಕುಳ ಹಂಚಿಹೋಗಿ ಎಲ್ಲವೂ ಬದುಕುತ್ತವೆ. ಒಂದು ಜಾತಿಗೆ ಹಿತವಾದುದು ಮತ್ತೊಂದಕ್ಕೆ ಮೃತ್ಯುವಾಗುವುದು ಹೀಗೆ.

ಕೆಲವು ಸಿಕ್ಲಿಡ್‌ಗಳಲ್ಲಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಮೊಟ್ಟೆಯಲ್ಲೇ ಪೂರ್ಣವಾಗಿ ನಿಶ್ಚಯವಾಗಿರುವುದಿಲ್ಲವೆಂಬುದು ಮತ್ತೂ ಸೋಜಿಗದ ಸಂಗತಿ. ದಕ್ಷಿಣ ಅಮೆರಿಕದ ಅಪಿಸ್ಟೊಗ್ರಾಮ ಎಂಬ ಕುಬ್ಜ ಮೀನುಗಳನ್ನು ಕುರಿತು ಊವೆ ರೋಮರ್, ವೋಲ್ಫ್‌ಗಾಂಗ್ ಬೈಸನ್‌ಹರ್ಟ್ಸ್ ಎಂಬ ವಿಜ್ಞಾನಿಗಳು ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಳೆಯ ಮರಿಗಳು ಬೆಳೆಯುವ ನೀರು ಹೆಚ್ಚು ಬೆಚ್ಚಗಿದ್ದರೆ ಗಂಡುಗಳ ಸಂಖ್ಯೆ ಹೆಚ್ಚುತ್ತದೆ. ಕ್ರಿಬೆನ್ಸಿಸ್‌ನಲ್ಲಿ ನೀರಿನ ಹುಳಿಯ ಅಂಶವೂ ಈ ಪ್ರಮಾಣವನ್ನು ಬದಲಿಸುತ್ತದೆ. ಇಂಥ ಜಾತಿಗಳಲ್ಲಿ ಮರಿಗಳೆಲ್ಲ ಒಂದೇ ಬಗೆಯವಾಗಿ ಬಂದರೆ ಅಂಗಡಿಯವನನ್ನಾಗಲಿ ವಿಧಿಯನ್ನಾಗಲಿ ದೂರುವುದಕ್ಕೆ ಮೊದಲು ತೊಟ್ಟಿಯ ನೀರನ್ನು ವಿಚಾರಿಸಬೇಕು.

ಕನ್ನಡ ಹೊಳೆಯ ಮೀನು

ಭಾರತದ ಮೂರು ಸಿಕ್ಲಿಡ್‌ಗಳಲ್ಲಿ ಒಂದು ನಮ್ಮ ನಾಡಿನದೇ. ೧೮೭೭ರಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞರು ಅದನ್ನು ವಿವರಿಸಿ, ಕನ್ನಡ ಜಿಲ್ಲೆಯ ಹೆಸರನ್ನೇ ಸೇರಿಸಿ ‘ಕೆನರೆನ್ಸಿಸ್’ ಎಂದು ನಾಮಕರಣ ಮಾಡಿದರು. ದಕ್ಷಿಣ ಕನ್ನಡದ ಹೊಳೆಗಳಲ್ಲಲ್ಲದೆ ಪ್ರಪಂಚದ ಬೇರಾವ ಕಡೆಯೂ ಅದು ಸಹಜವಾಗಿ ಬೆಳೆಯುವುದಿಲ್ಲ. ಮೈಮೇಲೆ ಅಡ್ಡಪಟ್ಟೆಗಳು, ಅವುಗಳ ನಡುವೆ ಮುತ್ತಿನಂಥ ಬಿಳಿಯ ಚುಕ್ಕೆಗಳು. ಈ ಮೀನಿನಲ್ಲಿಯೂ ಗಂಡುಹೆಣ್ಣುಗಳನ್ನು ಹೊರಗಣ್ಣಿನಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಅದರ ದಾಯಾದಿಯಾದ ಕಿತ್ತಳೆ ಬಣ್ಣದ ಕಿರುಮೀನಿನಲ್ಲಿ ತಂದೆತಾಯಿಗಳೆರಡೂ ಮರಿಗಳನ್ನು ಕಾಯುತ್ತವೆ; ಮರಿಗಳು ಇಬ್ಬರ ಮೈಯ ಲೋಳೆಯನ್ನೂ ಮೆಲ್ಲುತ್ತ ಬೆಳೆಯುತ್ತವೆ.

ಅಪಾಯಕ್ಕೆ ಸಿಕ್ಕಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂದು ಕೆನರೆನ್ಸಿಸ್‌ನ ಹೆಸರೂ ಸೇರಿದೆ. ನೋಡಲು ಸುಂದರವಾದುದರಿಂದ ತೊಟ್ಟಿಗಳಿಗಾಗಿ ಅದನ್ನು ಹುಡುಕುವವರಿದ್ದಾರೆ. ಹೊಳೆಯಿಂದ ಹಿಡಿದುತಂದ ಎರಡು ಮೀನುಗಳನ್ನು “ಇದು ಗಂಡು, ಇದು ಹೆಣ್ಣು” ಎಂದು ಯಾರಾದರೂ ಕೊಡಬಂದರೆ, ಆ ಮಾತಿಗೆ ಯಾವ ಆಧಾರವೂ ಇಲ್ಲವೆಂಬುದನ್ನು ನೆನಪಿಡಬೇಕು. ಎರಡೂ ಗಂಡೇ ಆಗಿ ಒಂದನ್ನೊಂದು ಕಚ್ಚಿ ಸತ್ತರೆ, ನಷ್ಟ ಕೊಂಡವರದಷ್ಟೇ ಅಲ್ಲ, ಹೊಳೆಯದೂ ಹೌದು. ಸಾಕಲೇಬೇಕೆನ್ನುವವರು ತೊಟ್ಟಿಯಲ್ಲೇ ಹುಟ್ಟಿದ ಐದಾರು ಮರಿಗಳನ್ನು ಹುಡುಕಿ ತಂದು, ವಿಶಾಲವಾದ ನೀರನ್ನೂ ಒಂದೆರಡು ವರ್ಷಗಳ ತಾಳ್ಮೆಯನ್ನೂ ಅವಕ್ಕೆ ಕೊಡಲಿ. ಅಷ್ಟು ಅನುಕೂಲವಿಲ್ಲದವರು ಆ ಮೀನನ್ನು ಹೊಳೆಗೇ ಬಿಟ್ಟು, ಮನೆಯ ತೊಟ್ಟಿಯಲ್ಲಿ ಕ್ರಿಬೆನ್ಸಿಸ್‌ನ ಒಂದು ಸಂಸಾರವನ್ನು ಸಾಕಿಕೊಳ್ಳಬಹುದು. ಅಲ್ಲಿ ಕೆಂಪು ಹೊಟ್ಟೆಯ ಗೃಹಿಣಿಯನ್ನು ಮನೆಯ ಮಕ್ಕಳೇ ಗುರುತು ಹಿಡಿದು ತೋರಿಸುವರು.